ಮಾವನ ಕಾರ್ಡು, ಅವ್ವನ ಕೈ

ಸಿಂಧನೂರಿನಲ್ಲಿ ಡಿಗ್ರಿ ಓದುತ್ತಿದ್ದಾಗ ನಾನು ನನ್ನ ಕೈಯಾರೆ ಒಂದು ಕಂಪ್ಯೂಟರ್ ಜೋಡಿಸಿದೆ. ಅದು ಪುಟ್ಟದಾಗಿರಲೇಬೇಕಿತ್ತು. ವಾರವಿಡೀ ನನ್ನ ವಾಸ ಸಿಂಧನೂರಿನ ಬಾಡಿಗೆ ಕೋಣೆಯಲ್ಲಿ. ಶನಿವಾರ ಕಾಲೇಜು ಮುಗಿಸಿ ಬಸ್ಸು ಹತ್ತಿದರೆ ಮಸ್ಕಿಯ ಮನೆ. ಕೋಣೆಯಲ್ಲಿ ನನ್ನ ಜೊತೆ ಇನ್ನಿಬ್ಬರು ಹುಡುಗಿಯರಿದ್ದರು. ಹಾಸಿಗೆ ಹಾಸಿದರೆ ನೆಲ ಮುಗಿದುಹೋಗುತ್ತಿತ್ತು. ಹಾಗಾಗಿ ಪುಸ್ತಕದ ಬ್ಯಾಗಿನಲ್ಲಿ ಹಿಡಿಯುವಂಥ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯಬಹುದಾದಂಥ ಯಂತ್ರವೇ ಬೇಕಿತ್ತು. ನನ್ನ ಕೈಗೆಟುಕುವ ಬೆಲೆಯ ಲ್ಯಾಪ್‌ಟಾಪ್‌ಗಳು ಮದುವೆಯ ವಿಡಿಯೊ ತೆರೆದ ಕೂಡಲೇ ಉಸಿರು ಕಟ್ಟಿ ನಿಂತುಬಿಡುತ್ತಿದ್ದವು.

ವಿಡಿಯೊ ಎಡಿಟಿಂಗ್ ಕಲಿಯಲು ಎಂದು ಎಲ್ಲರಿಗೂ ಹೇಳಿದ್ದೆ. ಅದು ಸುಳ್ಳಲ್ಲ. ಆದರೆ ಅದಕ್ಕೂ ಮೊದಲಿನ ಆಸೆ ಗೇಮ್ ಆಡುವುದು. ಕಾಲೇಜಿನ ಹುಡುಗರು ಮೊಬೈಲಿನಲ್ಲಿ ಆಡುತ್ತ ಕಿರುಚಾಡುವುದನ್ನು ನೋಡಿದಾಗಲೆಲ್ಲ ಇವರಿಗಿಂತ ಚೆನ್ನಾಗಿ, ದೊಡ್ಡ ಪರದೆಯ ಮೇಲೆ, ಯಾರಿಗೂ ಹೇಳದೆ ಆಡಬೇಕು ಅನ್ನಿಸುತ್ತಿತ್ತು. ಹೆಣ್ಣುಮಗಳು ಗೇಮ್ ಆಡಲು ಕಂಪ್ಯೂಟರ್ ಕೊಳ್ಳುತ್ತಾಳೆಂದರೆ ನಮ್ಮ ಮನೆಯಲ್ಲಿ ಯಾರೂ ಒಂದು ಸ್ಕ್ರೂ ಕೂಡ ಕೊಡಿಸುತ್ತಿರಲಿಲ್ಲ.

ಸ್ಕಾಲರ್‌ಶಿಪ್ ಬಂದಾಗೊಮ್ಮೆ, ಟ್ಯೂಷನ್ ಹೇಳಿದಾಗೊಮ್ಮೆ ಒಂದೊಂದೇ ಭಾಗ ಕೊಂಡೆ. ಪ್ರೊಸೆಸರ್ ಯಾರೋ ಬಳಸಿ ಬಿಟ್ಟದ್ದು. ಮದರ್‌ಬೋರ್ಡು ಹೊಸದೇ, ಆದರೆ ಬಾಕ್ಸು ಹರಿದದ್ದೆಂದು ಅಗ್ಗಕ್ಕೆ ಸಿಕ್ಕಿತು. ಸಿಂಧನೂರಿನ ಅಂಗಡಿಯವನು ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಯಾರಿಗ್ರೀ ಇದು? ಅಣ್ಣಗೇನು?"

"ನಂಗರೀ."

"ಹಂಗಂದ್ರ ವಾಪಸ್ ತರಾಕ ಬರಬ್ಯಾಡ್ರಿ ಮತ್ತ. ಪಿನ್ ಬಗ್ಗಿಸಿಕೊಂಡು ಬಂದ್ರ ನಾ ತಗೊಳ್ಳಂಗಿಲ್ಲ."

ಒಂದು ಭಾನುವಾರ ಊರಿಗೆ ಹೋಗದೆ ಕೋಣೆಯಲ್ಲೇ ಕುಳಿತು ಜೋಡಿಸಿದೆ. ಕ್ಯಾಬಿನೆಟ್ ಮಿಕ್ಸರ್ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಅದರೊಳಗೆ ಕೈ ಹಾಕಿದರೆ ಹೊರಗೆ ತೆಗೆಯುವಾಗ ತಗಡಿನ ಅಂಚು ಗೀರುತ್ತಿತ್ತು. ವೈರುಗಳನ್ನು ಎಲ್ಲಿ ಮಡಚಿಟ್ಟರೂ ಫ್ಯಾನಿಗೆ ತಾಗುತ್ತಿದ್ದವು. ಗೆಳತಿಯರಿಬ್ಬರೂ ಬಾಗಿಲ ಬಳಿ ಕುಳಿತು ಶೇಂಗಾ ತಿನ್ನುತ್ತ ನೋಡುತ್ತಿದ್ದರು. ಕಡ ತಂದ ಹಳೆಯ ಮಾನಿಟರ್ ಜೋಡಿಸಿ ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಇಬ್ಬರೂ ನಕ್ಕರು. ಅದರಲ್ಲಿ ಒಬ್ಬಳು, "ಇದಕ್ಕಿಂತ ಒಂದ್ ಫ್ರಿಜ್ ತಂದಿದ್ರ ನೀರಾರ ತಣ್ಣಗ ಕುಡೀತಿದ್ವಿ ಬೇ" ಅಂದಳು. ರ‍್ಯಾಮ್ ಸರಿಯಾಗಿ ಕೂತಿರಲಿಲ್ಲ. ಮುರಿದೇ ಹೋಗುತ್ತದೇನೋ ಅನ್ನುವಷ್ಟು ಬಲವಾಗಿ ಒತ್ತಿದಾಗ ಟಕ್ ಎಂದು ಕೂತಿತು, ಪರದೆ ಬೆಳಗಿತು. ನಾನು ಅತ್ತದ್ದನ್ನು ಅವರು ನೋಡಿದರು. ಅದನ್ನೂ ಬಹಳ ದಿನ ಅಣಕಿಸಿದರು.

ಒಂದು ಭಾಗ ಬಾಕಿ ಉಳಿಯಿತು, ಗ್ರಾಫಿಕ್ಸ್ ಕಾರ್ಡು. ಅದಿಲ್ಲದೆ ಗೇಮೂ ಇಲ್ಲ, ದೊಡ್ಡ ವಿಡಿಯೊ ಕೆಲಸವೂ ಇಲ್ಲ. ಈ ಪುಟ್ಟ ಡಬ್ಬಿಗೆ ಹಿಡಿಯುವುದು ಒಂದೇ ಫ್ಯಾನಿನ ಗಿಡ್ಡ ಕಾರ್ಡು ಮಾತ್ರ. ಉಳಿದೆಲ್ಲ ಭಾಗಗಳನ್ನು ಕೂಡಿಸಿದರೂ ಅದರ ಬೆಲೆಗೆ ಸಮ ಬರುತ್ತಿರಲಿಲ್ಲ.

ಅದನ್ನು ಕೊಡಿಸಿದವನು ಸೋದರಮಾವ. ಲಿಂಗಸುಗೂರಿನಲ್ಲಿ ಅವನದು ಬೀಜ, ಗೊಬ್ಬರದ ಅಂಗಡಿ. ದೊಡ್ಡ ಮಗಳ ಮದುವೆ ಗೊತ್ತಾಗಿತ್ತು. ಶೂಟಿಂಗ್ ಮಾಡುವವನು ಎಡಿಟಿಂಗ್‌ಗೆ ಬೇರೆ ದುಡ್ಡು ಕೇಳಿದ್ದು ಮಾವನಿಗೆ ಸಿಟ್ಟು ತರಿಸಿತ್ತು. ಕಾರ್ಡು ತಂದು ನನ್ನ ಮುಂದೆ ಇಟ್ಟು ಹೇಳಿದ:

"ಮದುವಿ ವಿಡಿಯೊ ನೀನ ಮಾಡಬೇಕು. ಇನ್ನೊಂದ್ ಮಾತು, ಇದು ನಂದು. ನಿನ್ನ ಡಬ್ಬಿಯೊಳಗ ಇಟ್ಟೀನಿ ಅಷ್ಟ. ತಿಳೀತೇನು?"

ನಾನು ನಕ್ಕೆ. ಮಾವ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಿದ್ದೆ.

ಈಗ ಅವ್ವನ ಬಗ್ಗೆ ಹೇಳಬೇಕು. ಅವ್ವ ಮಸ್ಕಿಯಲ್ಲಿ ಹೆಂಗಸರ ರವಿಕೆ, ನಮ್ಮ ಕಡೆ ಅನ್ನುವ ಹಾಗೆ ಜಂಪರ್, ಹೊಲಿಯುತ್ತಿದ್ದಳು. ಅಪ್ಪ ಲಾರಿ ಡ್ರೈವರ್, ಮನೆಯಲ್ಲಿದ್ದದ್ದಕ್ಕಿಂತ ರಸ್ತೆಯ ಮೇಲೆ ಇದ್ದದ್ದೇ ಹೆಚ್ಚು. ನಾನು ಹೈಸ್ಕೂಲಿನಲ್ಲಿದ್ದಾಗ ಅವ್ವನ ಬೆರಳ ತುದಿಯಲ್ಲಿ ಬಿಳಿ ಮಚ್ಚೆ ಕಾಣಿಸಿಕೊಂಡಿತು. ಆಮೇಲೆ ಮುಂಗೈ, ಆಮೇಲೆ ತುಟಿಯ ಸುತ್ತ. ತೊನ್ನು. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ. ಎಲ್ಲರೂ ತಲೆಯಾಡಿಸಿದರು. ಹೊಲಿಯಲು ಬಟ್ಟೆ ತರುವುದನ್ನು ಮಾತ್ರ ಒಬ್ಬೊಬ್ಬರಾಗಿ ನಿಲ್ಲಿಸಿದರು. ಕೊನೆಗೆ ಉಳಿದದ್ದು ಹರಿದದ್ದನ್ನು ಹೊಲಿಸಿಕೊಳ್ಳುವವರು, ಅಂದರೆ ಬೇರೆ ಕಡೆ ಹೋಗಲು ಕೈಯಲ್ಲಿ ಏನೂ ಇಲ್ಲದವರು.

ಇದರಿಂದ ಅವ್ವ ಮೆತ್ತಗಾದಳೆಂದು ಯಾರೂ ತಿಳಿಯಬಾರದು. ಅವಳ ನಾಲಿಗೆ ಮೊದಲೇ ಚೂಪು, ಆಮೇಲೆ ಕತ್ತರಿಯೇ ಆಯಿತು. ನಾನು ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, "ನೋಡ್ಕೋ ನೋಡ್ಕೋ, ಇರೂತನ ನೋಡ್ಕೋ. ನಂದೂ ಒಂದ್ ಕಾಲದಾಗ ಹಂಗ ಇತ್ತು" ಅನ್ನುತ್ತಿದ್ದಳು. ಹೆತ್ತ ಮಗಳಿಗೆ ಅಂಥ ಮಾತು ಆಡುವುದು ಅವಳಿಗೆ ಕಷ್ಟವಾಗುತ್ತಿರಲಿಲ್ಲ.

ಮದುವೆ ಲಿಂಗಸುಗೂರಿನ ಕಲ್ಯಾಣ ಮಂಟಪದಲ್ಲಿ ಆಯಿತು. ಅವ್ವ ಅಣ್ಣನ ಮಗಳ ಮದುವೆಗೆ ಹೊಸ ಸೀರೆ ಉಟ್ಟು, ಹಸಿರು ಬಳೆ ತುಂಬ ಇಟ್ಟುಕೊಂಡು ಓಡಾಡಿದಳು. ಅರಿಶಿನ ಹಚ್ಚುವಾಗ ಮುಂದೆ ಕುಳಿತಳು. ವರನ ಅಜ್ಜಿಯ ಜಂಪರ್ ಕಂಕುಳಲ್ಲಿ ಬಿಚ್ಚಿಕೊಂಡಾಗ ಸೂಜಿ ದಾರ ತಂದು, ಅಜ್ಜಿ ಮೈಮೇಲೆ ತೊಟ್ಟಿರುವಂತೆಯೇ ಹೊಲಿದಳು. ಆ ಅಜ್ಜಿಗೆ ಎರಡೂ ಕಣ್ಣಲ್ಲಿ ಪೊರೆ. ಆಮೇಲೆ ತಾಳಿ ಕಟ್ಟುವ ಹೊತ್ತಿನಲ್ಲೂ, ಊಟದ ಪಂಕ್ತಿಯಲ್ಲೂ ಅಜ್ಜಿ ಅವ್ವನ ಕೈ ಬಿಡಲಿಲ್ಲ; ಅವ್ವನೇ ಬಾಯಿಗೆ ತುತ್ತು ಇಟ್ಟು ಉಣ್ಣಿಸಿದಳು. ನಾನು ಕ್ಯಾಮೆರಾದವನ ಹಿಂದೆ ನಿಂತು ಯಾವುದು ಎಲ್ಲಿ ಬೇಕಾಗುತ್ತದೆ ಎಂದು ಮನಸ್ಸಿನಲ್ಲಿಯೇ ಕತ್ತರಿಸುತ್ತಿದ್ದೆ.

ವಿಡಿಯೊ ನನ್ನ ಮೊದಲ ದೊಡ್ಡ ಕೆಲಸ. ಸಿಂಧನೂರಿನ ಆ ಕೋಣೆ ಅಕ್ಕಿ ಗಿರಣಿಯ ಪಕ್ಕದಲ್ಲಿತ್ತು. ಹೊಟ್ಟಿನ ಬೂದಿ ಕಿಟಕಿಯಿಂದ ಬಂದು ಫ್ಯಾನಿನ ರೆಕ್ಕೆಗೆ ಮೆತ್ತುತ್ತಿತ್ತು. ಬಿಸಿಲು ಏರಿದಂತೆ ಆ ಪುಟ್ಟ ಡಬ್ಬಿ ಹೆಂಚಿನ ಹಾಗೆ ಕಾಯುತ್ತಿತ್ತು. ಪಕ್ಕದ ತಗಡು ಬಿಚ್ಚಿ, ಮೇಜಿನ ಫ್ಯಾನು ಅದರತ್ತ ತಿರುಗಿಸಿ, ನಾನು ಬೆವರುತ್ತ ಕೆಲಸ ಮಾಡಿದೆ. ಮುಗಿಸಿ ಮಾವನಿಗೆ ಕಳಿಸಿದಾಗ ಎದೆ ಉಬ್ಬಿತ್ತು.

ಮುಂದಿನ ಭಾನುವಾರ ಮಾವ, ಅತ್ತೆ ಇಬ್ಬರೂ ಮಸ್ಕಿಗೆ ಬಂದರು. ಕೈಯಲ್ಲಿ ಬಾಳೆಹಣ್ಣಿನ ಗೊನೆ. ಅತ್ತೆ ನೀರು ಕೂಡ ಕುಡಿಯಲಿಲ್ಲ. ಈಗಷ್ಟೇ ಕುಡಿದು ಬಂದೆವು ಅಂದಳು. ಆ ಮಾತು ನಮಗೆ ಹಳೆಯದು. ಮಾವ ಗಂಟಲು ಸರಿಮಾಡಿಕೊಂಡ.

"ವಿಡಿಯೊ ಚೊಲೊ ಆಗೇತಿ. ಒಂದ್ ಸಣ್ಣ ಕೆಲಸ ಉಳದೈತಿ. ಬೀಗರು ನೋಡಾಕ ಬರ್ತಾರ, ಅವರ ಕಡೀ ಮಂದೀನೂ ಬರ್ತಾರ. ನಮ್ಮ ತಂಗಿ ಇದ್ದದ್ದು ಒಂದಿಷ್ಟು ತಗದ್ರ..."

"ಒಂದಿಷ್ಟಲ್ಲ," ಅತ್ತೆ ಅಂದಳು. "ಪೂರಾ."

ನನಗೆ ಮೊದಲು ಅರ್ಥವಾಗಲಿಲ್ಲ. ಅವ್ವನಿಗೆ ಆಯಿತು. ಅವಳು ಹೊಲಿಗೆ ಮಷೀನಿನ ಮುಂದೆ ಕುಳಿತಿದ್ದಳು.

"ತಪ್ಪು ತಿಳ್ಕೋಬ್ಯಾಡ ತಂಗಿ," ಮಾವ ಅಂದ. "ನಮಗೇನೂ ಇಲ್ಲ. ಮಂದಿ ಬಾಯಿ ಕಟ್ಟಾಕ ಆಗ್ತೈತೇನು? ಸಣ್ಣಾಕಿ ಇನ್ನ ಮದುವಿಗೆ ಅದಾಳ. ಇದು ಇವರ ಮನಿತನದಾಗ ಐತಿ ಅಂತ ಒಬ್ಬರಂದ್ರ ಮುಗೀತು, ಸಂಬಂಧ ಬರಂಗಿಲ್ಲ."

"ಮಾವ, ಅಕಿ ನಿಮ್ಮ ಒಡಹುಟ್ಟಿದಾಕಿ" ಅಂದೆ ನಾನು.

"ಅದಕ್ಕ ಬಂದ್ ಕೇಳಾಕತ್ತೀನಿ. ಬ್ಯಾರೇದಾಕಿ ಆಗಿದ್ರ ಫೋನಿನ್ಯಾಗ ಹೇಳ್ತಿದ್ದೆ."

ಅವ್ವ ಮಷೀನಿನ ಗಾಲಿ ಕೈಯಿಂದ ನಿಲ್ಲಿಸಿ, ನನ್ನ ಕಡೆಗೆ ನೋಡಿದಳು.

"ತಗದುಬಿಡು."

"ನಾ ಒಲ್ಲೆ."

"ನೀ ಯಾರ ಬೇ ಒಲ್ಲೆ ಅನ್ನಾಕಿ? ಮಾರಿ ನಂದು. ತಗದುಬಿಡು ಅಂದೀನಿ, ತಗೀ." ಆಮೇಲೆ ಅತ್ತೆಯ ಕಡೆ ತಿರುಗಿ, "ವೈನಿ, ಬಾಳಿಹಣ್ಣು ವಾಪಸ್ ಒಯ್ರಿ. ನಾ ಮುಟ್ಟಿಲ್ಲ. ಮನ್ಯಾಗ ತಿನ್ನಾಕ ಬರ್ತಾವ" ಅಂದಳು. ಅತ್ತೆ ನಿಜವಾಗಿಯೂ ಒಯ್ದಳು.

ಅವರು ಹೋದ ಮೇಲೆ ಕಂಪ್ಯೂಟರನ್ನು ಮನೆಯ ಟಿವಿಗೆ ಜೋಡಿಸಿದೆ. ಅವ್ವ ನೆಲದ ಮೇಲೆ ನನ್ನ ಪಕ್ಕದಲ್ಲೇ ಕೂತಳು. ನೀನು ನೋಡಬೇಡ ಎಂದೆ. ಅವಳು ಕೇಳಲಿಲ್ಲ.

"ನಾ ಎಲ್ಲೆಲ್ಲಿ ಅದೀನಿ ನಿನಗೇನ್ ಗೊತ್ತಾಗ್ತೈತಿ? ಅರ್ಧ ಬಿಟ್ಟುಬಿಡ್ತಿ. ಹಾಕು."

ಕೆಲವು ಕಡೆ ಸುಲಭವಿತ್ತು. ಅವ್ವ ಬರುವ ಮೊದಲು ಕತ್ತರಿಸಿದರೆ, ಇಲ್ಲವೇ ಚಿತ್ರವನ್ನು ಸ್ವಲ್ಪ ಹತ್ತಿರ ಎಳೆದರೆ ಅವಳು ಚೌಕಟ್ಟಿನಿಂದ ಹೊರಗೆ ಹೋಗುತ್ತಿದ್ದಳು. ಕೆಲವು ಕಡೆ ಅವಳ ಸುತ್ತ ಗೆರೆ ಎಳೆದು, ಆ ಜಾಗಕ್ಕೆ ಹಿಂದಿನ ಗೋಡೆಯ ಬಣ್ಣ ತುಂಬಿಸಬೇಕಿತ್ತು. ಅವಳು ಅಲ್ಲಾಡಿದಂತೆಲ್ಲ ಆ ಗೆರೆಯೂ ಅವಳನ್ನು ಹಿಂಬಾಲಿಸಬೇಕು. ಮಾವನ ಕಾರ್ಡು ಚೆನ್ನಾಗಿ ಕೆಲಸ ಮಾಡಿತು. ಫ್ಯಾನು ಭೋರ್ಗರೆಯುತ್ತಿತ್ತು, ಅವ್ವ ಪರದೆಯಿಂದ ಒಂದೊಂದೇ ಕಡೆ ಮಾಯವಾಗುತ್ತಿದ್ದಳು. ಅಲ್ಲಿ ಯಾರೋ ಇದ್ದರು ಅನ್ನುವ ಗುರುತೂ ಇರುತ್ತಿರಲಿಲ್ಲ.

"ಅಲ್ಲಿ ಕಂಬದ ಹಿಂದ ನೋಡು, ಸೀರಿ ಸೆರಗು ಐತಿ" ಅನ್ನುತ್ತಿದ್ದಳು. "ಕನ್ನಡ್ಯಾಗ ಅದೀನಿ, ಅದು ಕಾಣಲಿಲ್ಲೇನು ನಿನಗ?" ಅನ್ನುತ್ತಿದ್ದಳು. ನನ್ನ ಕೈ ತಪ್ಪಿದರೆ, "ಇಷ್ಟೂ ಬರಂಗಿಲ್ಲಂದ್ರ ಯಾಕ ಬೇಕಿತ್ತು ಕಂಪ್ಯೂಟರ್?" ಎಂದು ಬೈದಳು.

ಅರಿಶಿನದ ಭಾಗ ಬಂತು. ಮದುಮಗಳ ಕೆನ್ನೆಗೆ ಅವ್ವನ ಎರಡೂ ಕೈ. ಮುಖ ಕಾಣುವುದಿಲ್ಲ, ಮುಂಗೈಯವರೆಗೆ ಅರಿಶಿನ ಮೆತ್ತಿಕೊಂಡಿತ್ತು. ಒಂದು ಮಚ್ಚೆಯೂ ಕಾಣುತ್ತಿರಲಿಲ್ಲ. ಇಡೀ ಮದುವೆಯಲ್ಲಿ ಅದಕ್ಕಿಂತ ಚೆಂದದ ಚಿತ್ರ ಇರಲಿಲ್ಲ.

"ಇದೊಂದು ಇರಲಿ ಅವ್ವ. ಯಾರಿಗೂ ಗೊತ್ತಾಗಂಗಿಲ್ಲ."

ಅವ್ವ ಟಿವಿಗೆ ಹತ್ತಿರ ಸರಿದು ನೋಡಿದಳು. ತನ್ನ ಕೈಯನ್ನೇ ನೋಡುತ್ತಿದ್ದಾಳೆ ಅನ್ನಿಸಿತು, ಆ ಕ್ಷಣಕ್ಕೆ ಇರಲಿ ಅನ್ನುತ್ತಾಳೆಂದೂ ಅನ್ನಿಸಿತು.

"ಬಳಿ ಗೊತ್ತಾಗ್ತಾವ" ಅಂದಳು. "ನಿಮ್ಮತ್ತಿ ಗುರುತು ಹಿಡೀತಾಳ. ತಗೀ."

ತೆಗೆದೆ. ಇಡೀ ಕೆಲಸ ಮುಗಿದ ಮೇಲೆ ಅವ್ವ ಒಮ್ಮೆ ಪೂರ್ತಿ ಹಾಕಿಸಿ ನೋಡಿದಳು. "ಚಂದ ಆಗೇತಿ" ಎಂದಳು. "ನಾ ಹೋಗದ ಮದುವಿ ನೋಡಿದಂಗ ಆತು." ಎದ್ದು ಅಕ್ಕಿ ಆರಿಸಲು ಕೂತಳು.

ಬೀಗರು ಬರುವ ದಿನ ನಾನು ಡಬ್ಬಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ. ಮಾವನ ದೊಡ್ಡ ಟಿವಿಗೆ ಅದರಿಂದಲೇ ತೋರಿಸಬೇಕು ಎಂದು ಹೇಳಿದ್ದರು. ಅವ್ವನನ್ನು ಕರೆದಿರಲಿಲ್ಲ. ಪಡಸಾಲೆ ತುಂಬಿತ್ತು. ಹೊಸ ಅಳಿಯ, ಅವನ ತಾಯಿ, ಇನ್ನೂ ಯಾರ್ಯಾರೋ. ಅಳಿಯನ ಅಜ್ಜಿಯನ್ನು ಟಿವಿಯ ಹತ್ತಿರವೇ ಕುರ್ಚಿ ಹಾಕಿ ಕೂರಿಸಿದ್ದರು. ನನ್ನ ಮಾವನ ಮಗಳು, ಮದುಮಗಳು, ಮೈತುಂಬ ಬಂಗಾರ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದಳು.

ವಿಡಿಯೊ ಶುರುವಾಯಿತು. ಎಲ್ಲರೂ ತಮ್ಮ ತಮ್ಮ ಮುಖ ಬಂದಾಗ ನಕ್ಕರು. ಅಜ್ಜಿಗೆ ಪರದೆಯ ಮೇಲೆ ಬೆಳಕಿನ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಅವಳು ಪಕ್ಕದವರನ್ನು ಕೇಳಿದಳು:

"ಮಸ್ಕಿ ಅಕಿ ಬಂದಾಳೇನು ಅದರಾಗ?"

"ಯಾರಬೇ?" ಅಳಿಯ ಕೇಳಿದ.

"ನನ್ನ ಜಂಪರ್ ಹೊಲದಾಕಿ. ಬಾಯಿಗೆ ತುತ್ತು ಇಟ್ಟಾಕಿ. ಅಕಿ ಬಂದ್ರ ಹೇಳ್ರಿ, ಆ ಹೊತ್ತಿಗೆ ಒಂಚೂರು ಮುಂದ ಸರಕೊಂತೀನಿ."

ಮಾವ ಟಿವಿಯ ಸದ್ದು ಏರಿಸಿದ. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಮತ್ತೆ ಕೇಳಿದಳು, "ಬಂದಾಳೇನು?" "ಇನ್ನಾ ಇಲ್ಲಬೇ" ಅಂದಳು ಅತ್ತೆ, ತಟ್ಟೆ ಜೋಡಿಸುತ್ತ. ಅರಿಶಿನ ಮುಗಿಯಿತು. ತಾಳಿ ಮುಗಿಯಿತು. ಅಜ್ಜಿ ಮತ್ತೂ ಕೇಳಿದಳು. ಅತ್ತೆ ಮತ್ತೂ ಇನ್ನಾ ಇಲ್ಲ ಎಂದಳು. ಊಟದ ಪಂಕ್ತಿ ಬಂದಾಗ ಅಜ್ಜಿ ಕುರ್ಚಿಯ ತುದಿಗೆ ಸರಿದಳು. ಪರದೆಯ ಮೇಲೆ ಅಜ್ಜಿ ಒಬ್ಬಳೇ ಕೂತು ಬಾಯಿ ತೆರೆಯುತ್ತಿದ್ದಳು. ಪಕ್ಕದಲ್ಲಿ ನಾನು ತುಂಬಿಸಿದ ಗೋಡೆ.

ನನಗೆ ತಡೆಯಲಾಗಲಿಲ್ಲ. "ಅಜ್ಜಿ, ಅಕಿ ಇದರಾಗ ಬರಂಗಿಲ್ಲ. ಅಕಿ ನಮ್ಮವ್ವ. ಅಕಿ ಕೈಮ್ಯಾಲ ತೊನ್ನು ಐತೆಂತ ತಗಿಸ್ಯಾರ" ಅಂದುಬಿಟ್ಟೆ.

ಮಾವ ದೊಡ್ಡದಾಗಿ ನಕ್ಕ. "ಹುಡುಗಿಗೆ ಬರೇ ತಮಾಷಿ" ಅಂದ. ಅಳಿಯನ ತಾಯಿ ನಗಲಿಲ್ಲ. ಬಹಳ ಸಮಾಧಾನದಿಂದ ನನ್ನನ್ನು ನೋಡಿ, "ಇರಲಿ ಬಿಡವಾ, ಚೊಲೊ ಮಾಡೀದಿ. ಅಕಿ ಇಲ್ದಿದ್ರ ಏನಾತು, ನಾವೆಲ್ಲಾ ಅದೀವಲ್ಲ" ಎಂದಳು. ಆಕೆಗೆ ಮೊದಲೇ ಎಲ್ಲ ಗೊತ್ತಿತ್ತು.

ಅಜ್ಜಿ ತನ್ನ ಬಲಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡಳು. ಆಮೇಲೆ ಸೀರೆಗೆ ಒರೆಸಿಕೊಂಡಳು. ನಾನು ಅದನ್ನು ಎದುರುನೋಡಿರಲಿಲ್ಲ. "ನಂಗ್ಯಾರೂ ಹೇಳಲಿಲ್ಲಲ್ಲ" ಅಂದಳು. "ಕೈ ಹಿಡಕೊಂಡಿದ್ನಲ್ಲ." ಮತ್ತೊಮ್ಮೆ ಒರೆಸಿದಳು. ಯಾರೋ ಅವಳನ್ನು ಬಚ್ಚಲ ಕಡೆ ಕರೆದುಕೊಂಡು ಹೋದರು. ಒಳಗಿನಿಂದ ನೀರು ಸುರಿಯುವ ಸದ್ದು ಬಂತು.

ಬೀಗರು ಹೊರಟ ಮೇಲೆ ಮಾವ ಬಾಗಿಲು ಹಾಕಿದ. ಬೈಯುತ್ತಾನೆ ಅಂದುಕೊಂಡೆ. ಅವನು ಅಂಗಡಿಯಿಂದ ಸ್ಕ್ರೂಡ್ರೈವರ್ ತರಿಸಿ ನನ್ನ ಮುಂದೆ ಇಟ್ಟ.

"ಕಾರ್ಡು ತಗೀ."

"ಮಾವ..."

"ನಿನ್ನ ಡಬ್ಬಿಯೊಳಗ ಇಟ್ಟೀನಿ ಅಷ್ಟ ಅಂದಿದ್ನಿಲ್ಲ? ತಗೀ. ಮನಿ ಮಂದಿ ತಲಿ ತಗ್ಗಿಸಿದಾಕಿಗೆ ನಾ ಇನ್ನೇನೂ ಕೊಡಂಗಿಲ್ಲ."

ನಾನು ಮಾವನ ಮಗಳ ಕಡೆ ನೋಡಿದೆ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದರೆ ಅವಳಿಗೆ ಅವ್ವನೇ ತಲೆ ಹಿಕ್ಕಿ ಜಡೆ ಹಾಕುತ್ತಿದ್ದಳು. ಅವಳು ತನ್ನ ಬಳೆಗಳನ್ನು ಹಿಂದೆ ಮುಂದೆ ಸರಿಸುತ್ತ, "ನೀ ಸುಮ್ನಿದ್ರ ಏನ್ ಹೋಗ್ತಿತ್ತು? ನಾ ಅಲ್ಲಿ ಬಾಳ್ವೆ ಮಾಡಬೇಕು, ನೀ ಅಲ್ಲ" ಎಂದಳು.

ಪಕ್ಕದ ತಗಡು ಬಿಚ್ಚಿದೆ. ಕಾರ್ಡು ಇನ್ನೂ ಬಿಸಿ ಇತ್ತು. ಅವಸರದಲ್ಲಿ ಎಳೆದರೆ ಬೋರ್ಡಿನ ಕೊಂಡಿ ಮುರಿಯುತ್ತದೆ. ಅದಕ್ಕೆ ಅವರೆಲ್ಲ ನಿಂತು ನೋಡುತ್ತಿರುವಾಗಲೇ, ನಿಧಾನವಾಗಿ, ಮೊದಲು ಕೊಂಡಿ ಒತ್ತಿ, ಆಮೇಲೆ ಎತ್ತಿ ತೆಗೆದೆ. ಮಾವ ಅದನ್ನು ಟವೆಲ್ಲಿನಲ್ಲಿ ಸುತ್ತಿ ಅಲಮಾರಿನಲ್ಲಿಟ್ಟ. ಅವನ ಮನೆಯಲ್ಲಿ ಅದನ್ನು ಹಾಕಲು ಕಂಪ್ಯೂಟರೇ ಇರಲಿಲ್ಲ. ಆ ಕಾರ್ಡು ಈಗಲೂ ಅಲ್ಲೇ ಬಿದ್ದಿರಬಹುದು.

ಮಸ್ಕಿಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅಜ್ಜಿ ಕೈ ತೊಳೆದದ್ದನ್ನು ಮಾತ್ರ ಬಿಟ್ಟು. ಆದರೆ ಅವ್ವ ಬಿಡಲಿಲ್ಲ. "ಆ ಮುದುಕಿ ಏನಂದ್ಲು?" ಎಂದು ಕೆದಕಿದಳು. ಹೇಳಬೇಕಾಯಿತು. ಅವ್ವ ನನ್ನ ಮೇಲೆ ತಿರುಗಿ ಬಿದ್ದಳು.

"ಅಕಿ ಒಬ್ಬಾಕಿಗೆ ಗೊತ್ತಿರಲಿಲ್ಲ. ಇಡೀ ಮಂಟಪದಾಗ ಒಬ್ಬಾಕಿಗೆ. ಅದನ್ನೂ ಹೇಳಿ ಬಂದ್ಯಾ? ನಿಮ್ಮ ಮಾವ ಪರದೆ ಮ್ಯಾಲಿಂದ ತಗಿಸಿದ. ನೀ ಆ ಮುದುಕಿ ತಲ್ಯಾಗಿಂದನೂ ತಗದಿ."

ನಾನು ಅವಳ ಪರವಾಗಿ ಮಾತಾಡಿದ್ದೆ ಎಂಬುದು ಅವಳಿಗೂ ಗೊತ್ತಿತ್ತು. ಅದಕ್ಕೇ ಅವಳ ಸಿಟ್ಟು ಇಳಿಯಲು ಬಹಳ ದಿನ ಬೇಕಾಯಿತು.

ಕಾರ್ಡಿಲ್ಲದ ಕಂಪ್ಯೂಟರಿನಲ್ಲಿ ಗೇಮು ನಿಂತುಹೋಯಿತು. ವಿಡಿಯೊಗಳನ್ನು ಮೊದಲು ಸಣ್ಣದು ಮಾಡಿಕೊಂಡು, ಮಸುಕು ಚಿತ್ರಗಳ ಮೇಲೆ ಅಂದಾಜಿನಿಂದ ಕೆಲಸ ಮಾಡಿದೆ. ನನಗೆ ಇನ್ನು ಕೆಲಸ ಸಿಗುವುದಿಲ್ಲ ಅಂದುಕೊಂಡಿದ್ದೆ. ಸಿಕ್ಕಿತು. ಆ ವಿಡಿಯೊ ನೋಡಿದವರಲ್ಲಿ ಯಾರೋ ತುರ್ವಿಹಾಳದ ತಮ್ಮ ನೆಂಟರಿಗೆ ಹೇಳಿದ್ದರಂತೆ. ಒಬ್ಬ ಹೆಣ್ಣುಮಗಳು ಫೋನು ಮಾಡಿ, "ನೀವು ಮಂದೀನ ಭಾಳ ಚೊಲೊ ತಗೀತೀರಂತಲ್ರೀ, ಇದ್ದದ್ದೂ ಗೊತ್ತಾಗಂಗಿಲ್ಲಂತ" ಅಂದಳು. ಅವಳಿಗೆ ಮಗನ ಮದುವೆಯಿಂದ ವಿಧವೆ ಓರಗಿತ್ತಿಯನ್ನು ತೆಗೆಸಬೇಕಿತ್ತು. ಒಲ್ಲೆ ಎಂದು ಫೋನು ಇಟ್ಟೆ. ಮತ್ತೊಬ್ಬರು ಸಿಂಧನೂರಿನವರು. ಮದುವೆಯಾದ ಮೇಲೆ ತಮ್ಮೊಡನೆ ಜಗಳವಾಡಿಕೊಂಡ ದಾಯಾದಿಗಳು ವಿಡಿಯೊದಲ್ಲಿ ಇರುವುದು ಬೇಡ ಎಂದರು. ಅದನ್ನು ಮಾಡಿದೆ. ಹಾಗೆ ಮಾಡುತ್ತ, ಕೆಲವಕ್ಕೆ ಹೂಂ, ಕೆಲವಕ್ಕೆ ಊಹೂಂ ಅನ್ನುತ್ತ, ಒಂದು ಹಳೆಯ ಗಿಡ್ಡ ಕಾರ್ಡು ನಾನೇ ಕೊಂಡು ಹಾಕಿದೆ. ಗೇಮೂ ಮತ್ತೆ ಶುರುವಾಯಿತು. ಆದರೆ ಊರಲ್ಲಿ ನನ್ನ ಹೆಸರು ನಿಂತದ್ದು ಆ ಒಂದೇ ಕೆಲಸಕ್ಕೆ.

ಈಗಲೂ ಭಾನುವಾರ ಮಸ್ಕಿಯಲ್ಲಿರುವಾಗ ಫೋನು ಬರುತ್ತದೆ. ನಾನು ಅಂಗಳಕ್ಕೆ ಹೋಗಿ ಮೆಲ್ಲಗೆ ಮಾತಾಡಿ ಒಳಗೆ ಬರುತ್ತೇನೆ. ಅವ್ವ ಮಷೀನಿನಿಂದ ತಲೆ ಎತ್ತುವುದಿಲ್ಲ. ಸೂಜಿಗೆ ದಾರ ಪೋಣಿಸುತ್ತ ಕೇಳುತ್ತಾಳೆ:

"ಈ ಸಲ ಯಾರನ್ನಂತ?"